ಬೆಳ್ಳಿತೆರೆಯ ಬೋಧೆ: ಒಂದು ವಿವೇಚನೆ

ಕಲೆಯು ರಂಜಿಸಬೇಕೋ, ಬೋಧಿಸಬೇಕೋ ಎಂಬ ಪ್ರಶ್ನೆ ಕಲೆಯಷ್ಟೇ ಪುರಾತನವಾದುದು. ಕಾಲಕಾಲಕ್ಕೆ ಅದು ಹೊಸ ಉಡುಗೆ ತೊಟ್ಟು ನಮ್ಮೆದುರು ಬರುತ್ತದೆ. ಇಂದು ಅದು ಚಲಚ್ಚಿತ್ರ ಮತ್ತು ದೂರದರ್ಶನಗಳ ಬಾಗಿಲಲ್ಲಿ ಬಂದು ನಿಂತಿದೆ. ತೆರೆಯ ಮೇಲೆ ಎಲ್ಲ ಜಾತಿ, ಮತ, ವರ್ಗಗಳ ಸ್ತ್ರೀಪುರುಷರಿಗೂ ಗೌರವದ ಸ್ಥಾನ ದೊರೆಯಬೇಕು, ಕಥೆಯು ಸಮಾಜಕ್ಕೆ ಹಿತವಾದುದನ್ನು ಹೇಳಬೇಕು ಎಂದು ಒಂದು ಪಕ್ಷದವರು ವಾದಿಸುತ್ತಾರೆ. ಕಥೆಯ ತಲೆಯ ಮೇಲೆ ಉಪದೇಶದ ಹೊರೆ ಹೊರಿಸಬೇಡಿರಿ, ಪಾತ್ರಗಳನ್ನು ತಲೆಯೆಣಿಸಿ ಹಂಚಬೇಡಿರಿ, ದುಡಿದು ದಣಿದು ಬಂದವನಿಗೆ ಎರಡು ಗಳಿಗೆಯ ಸಂತೋಷ ದೊರೆತರೆ ಸಾಕು ಎಂದು ಇನ್ನೊಂದು ಪಕ್ಷದವರು ಉತ್ತರ ಕೊಡುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಇಬ್ಬರೂ ಬಹುಮಟ್ಟಿಗೆ ತೆರೆಯ ಮೇಲೆ ಕಾಣುವುದನ್ನು ಕುರಿತೇ ಮಾತಾಡುತ್ತಾರೆ. ತೆರೆಯ ಹಿಂದೆ ಇರುವವರ ಕಡೆಗೂ, ತೆರೆಯ ಮುಂದೆ ಕುಳಿತವರ ಕಡೆಗೂ ದೃಷ್ಟಿ ಹರಿಸದೆ ಈ ವಾದ ತೀರುವಂತೆ ತೋರುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯವರಾದ ನಾವು ಇದನ್ನು ಮುಂಬಯಿ, ಬೆಂಗಳೂರುಗಳ ಪಂಡಿತರ ಚರ್ಚೆಯೆಂದು ಬದಿಗೆ ಸರಿಸುವಂತಿಲ್ಲ. ಭಾರತೀಯ ಚಲಚ್ಚಿತ್ರದ ಆರಂಭದ ದಿನಗಳಲ್ಲಿ ಅದಕ್ಕೆ ಕಂಠ ಕೊಟ್ಟವರಲ್ಲಿ ಒಬ್ಬರು ನಮ್ಮ ನೆಲದ ಮಗಳು. ಅವರಿಗೂ ಅವರ ಅಕ್ಕನಿಗೂ ಸಮಾಜ ಸಲ್ಲಿಸಿದ ಮನ್ನಣೆ ಎಂಥದು, ತೋರಿದ ಉದಾಸೀನ ಎಂಥದು ಎಂಬುದನ್ನು ನೆನೆದರೆ ಈ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಮೊದಲು ಬೇರಿನಿಂದಲೇ ಆರಂಭಿಸೋಣ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ನಾಟ್ಯದ ಹುಟ್ಟಿನ ಕಥೆಯುಂಟು. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒಪ್ಪುವ ಒಂದು ವಿನೋದವನ್ನು ಬೇಡುತ್ತಾರೆ. ನಾಲ್ಕು ವೇದಗಳನ್ನು ಕೇಳುವ ಅಧಿಕಾರ ಶೂದ್ರರಿಗಿಲ್ಲವಾದುದರಿಂದ, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೊಂದನ್ನು ಸೃಷ್ಟಿಸಬೇಕೆಂದು ಪ್ರಾರ್ಥಿಸುತ್ತಾರೆ. ಹಾಗೆ ಹುಟ್ಟಿದುದು ನಾಟ್ಯ. ಎಲ್ಲರನ್ನೂ ಒಳಗೊಳ್ಳಬೇಕೆಂಬುದು ಈ ಕಲೆಗೆ ಹೊರಗಿನಿಂದ ಯಾರೋ ಇತ್ತೀಚೆಗೆ ತಂದು ಹಚ್ಚಿದ ಷರತ್ತಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಅದೇ ಗ್ರಂಥದ ಕೊನೆಯಲ್ಲಿ ಇನ್ನೊಂದು ಕಥೆಯಿದೆ. ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಆಟವಾಡುತ್ತಾರೆ. ಋಷಿಗಳು ಮುನಿದು, ನೀವು ಶೂದ್ರರಾಗಿರೆಂದು ಅವರಿಗೆ ಶಾಪವನ್ನು ಕೊಡುತ್ತಾರೆ. ಎಲ್ಲರಿಗಾಗಿ ಹುಟ್ಟಿದ ಕಲೆಯನ್ನು ಕೈಗೊಂಡವರೇ ಕೆಳಗಿಳಿಯಬೇಕಾಯಿತು. ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ದೇಶದ ರಂಗಭೂಮಿಯ ಇತಿಹಾಸವೇ ಅಲ್ಲಿ ಅಡಗಿದಂತೆ ತೋರುತ್ತದೆ. ಆಟ ಎಲ್ಲರದು, ಆಡುವವರು ಮಾತ್ರ ಅಂಗಳದಾಚೆಯವರು.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಗೋಕಾಕ, ಮುಧೋಳ, ಜಮಖಂಡಿಗಳ ಕಡೆಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಜನ ಕುಳಿತು ಕಂಡ ಆಟವಿದು. ಮೊಸರು ಮಾರುವ ಗೊಲ್ಲತಿಯೊಬ್ಬಳು ಸಾಕ್ಷಾತ್ ಕೃಷ್ಣನಿಗೇ ಮಾತಿಗೆ ಮಾತು ಕೊಟ್ಟು ನಿಲ್ಲುವುದನ್ನು ನೋಡಿ ನಮ್ಮ ಹಿರಿಯರು ನಕ್ಕಿದ್ದಾರೆ, ಮನದೊಳಗೆ ಮೆಚ್ಚಿದ್ದಾರೆ. ದೇವರ ಎದುರಿನಲ್ಲಿಯೂ ಬಡವಿಯ ಮಾತಿಗೆ ಬೆಲೆಯುಂಟು ಎಂಬ ತತ್ತ್ವವನ್ನು ಯಾರೂ ಅಲ್ಲಿ ಭಾಷಣದ ರೂಪದಲ್ಲಿ ಹೇಳಲಿಲ್ಲ. ಅದು ಆಟದ ಹುರುಪಿನಲ್ಲಿಯೇ ಜನರ ಮನಸ್ಸಿಗೆ ಇಳಿಯಿತು. ಆದರೆ ಬಹುಕಾಲದವರೆಗೆ ಆ ಗೊಲ್ಲತಿಯಾಗಿ, ಸತ್ಯಭಾಮೆಯಾಗಿ ಬಣ್ಣ ಹಚ್ಚಿದವರು ಗಂಡಸರೇ. ಹೆಣ್ಣಿನ ಮಾತು ರಂಗದ ಮೇಲಿತ್ತು, ಹೆಣ್ಣು ಇರಲಿಲ್ಲ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನಂಥವರು ತಾವೇ ಮುಂದಾಗಿ ಮೇಳ ಕಟ್ಟಿ ರಂಗಕ್ಕೆ ಬಂದಾಗ, ಅವರಿಗೆ ಚಪ್ಪಾಳೆ ಎಷ್ಟು ಸಿಕ್ಕಿತೋ ಚುಚ್ಚುಮಾತೂ ಅಷ್ಟೇ ಸಿಕ್ಕಿದ್ದರೆ ಆಶ್ಚರ್ಯವಿಲ್ಲ. ರಂಗವೇರಿದ ಹೆಣ್ಣನ್ನು ಆ ಕಾಲದ ಮನೆತನಸ್ಥರು ಕಾಣುತ್ತಿದ್ದ ಕಣ್ಣೇ ಬೇರೆಯಾಗಿತ್ತು.

ಇದೇ ಕಾಲದಲ್ಲಿ ಬೀಳಗಿಯ ಒಂದು ಮುಸ್ಲಿಂ ಕುಟುಂಬದಿಂದ ಇಬ್ಬರು ಸೋದರಿಯರು ಹೊರಟರು. ಗೋಹರಬಾಯಿ ಮತ್ತು ಅಮೀರಬಾಯಿ. ಊರ ಹೆಸರನ್ನೂ ನಾಡಿನ ಹೆಸರನ್ನೂ ಹಿಂದಿಕ್ಕದೆ ‘ಕರ್ನಾಟಕಿ’ ಎಂದೇ ಅವರು ಮುಂಬಯಿಯಲ್ಲಿ ಪ್ರಸಿದ್ಧರಾದರು. ನಾಟಕದ ಒಡನಾಟದಲ್ಲಿ ಬೆಳೆದ ಈ ಮಕ್ಕಳು ಕಂಠವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಆ ಮಹಾನಗರವನ್ನು ಸೇರಿದವರು. ಅಮೀರಬಾಯಿಯವರಿಗೆ ಜನಮನ್ನಣೆಯನ್ನು ತಂದ ಆರಂಭದ ಚಿತ್ರಗಳಲ್ಲೊಂದು 1940ರ ‘ನರಸಿ ಭಗತ್’. ಗುಜರಾತಿನ ಸಂತಕವಿ ನರಸಿಂಹ ಮೆಹತಾನ ಚರಿತ್ರೆಯದು. ಅಂತ್ಯಜರೆನಿಸಿದವರ ಕೇರಿಗೆ ಹೋಗಿ ಭಜನೆ ಮಾಡಿದುದಕ್ಕಾಗಿ ಆ ಸಂತನು ಸ್ವಜನರ ತಿರಸ್ಕಾರಕ್ಕೆ ಗುರಿಯಾದನೆಂದು ಐತಿಹ್ಯ ಹೇಳುತ್ತದೆ. ಪರರ ನೋವನ್ನು ತನ್ನದೆಂದು ತಿಳಿಯುವವನೇ ನಿಜವಾದ ಭಕ್ತನೆಂಬ ಅವನ ಪದ ಗಾಂಧೀಜಿಯವರಿಗೆ ಅತ್ಯಂತ ಪ್ರಿಯವಾಗಿತ್ತೆಂಬುದು ಸರ್ವವಿದಿತ. ಅಂಥ ಸಂತನ ಚಿತ್ರದಲ್ಲಿ ಬೀಳಗಿಯ ಮುಸ್ಲಿಂ ಹೆಣ್ಣುಮಗಳೊಬ್ಬಳ ಕಂಠ ಮೊಳಗಿದುದು ಎಂಥ ಯೋಗ! ಸರ್ವಸಮಾನತೆಯ ಸಂದೇಶವನ್ನು ಯಾರೂ ಅದಕ್ಕೆ ಬರೆದು ಹಚ್ಚಬೇಕಾಗಿರಲಿಲ್ಲ. ಹಾಡಿದವರ ಬಾಳೇ ಆ ಸಂದೇಶವಾಗಿತ್ತು.

ಮುಂದೆ 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂದಿತು. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆದ ಆ ಚಿತ್ರದ ಹಾಡುಗಳಿಂದ ಅಮೀರಬಾಯಿ ದೇಶದ ಮನೆಮಾತಾದರು. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಆ ಕಾಲದಲ್ಲಿ ಹೆಣ್ಣೊಬ್ಬಳು ಆ ಪೀಠವೇರುವುದು ಅತಿ ವಿರಳವಾಗಿತ್ತು. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆಯವರು ಶ್ರಮವಹಿಸಿ ಅವರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯದಿದ್ದರೆ, ‘ಕನ್ನಡ ಕೋಗಿಲೆ’ಯೆನಿಸಿಕೊಂಡ ಈ ತಾಯಿಯ ವೃತ್ತಾಂತ ಕನ್ನಡಿಗರಿಗೆ ಇನ್ನಷ್ಟು ಮಸುಕಾಗಿಯೇ ಉಳಿಯುತ್ತಿತ್ತು.

ಅಕ್ಕ ಗೋಹರಬಾಯಿಯವರ ಕಥೆ ಇನ್ನೂ ಮಾರ್ಮಿಕವಾದುದು. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರು (1888–1967) ಸ್ತ್ರೀಪಾತ್ರಗಳಿಂದಲೇ ಕೀರ್ತಿಯನ್ನು ಪಡೆದವರು. ಪಟವರ್ಧನರ ಜಮಖಂಡಿಗೂ ಘೋರ್ಪಡೆಯವರ ಮುಧೋಳಕ್ಕೂ ಮರಾಠಿ ರಂಗಭೂಮಿ ದೂರದ್ದಾಗಿರಲಿಲ್ಲವಾದುದರಿಂದ ಅವರ ಹೆಸರನ್ನು ಬಲ್ಲ ಹಿರಿಯರು ನಮ್ಮಲ್ಲಿಯೂ ಇದ್ದರು. ಅವರು ಉಟ್ಟ ಸೀರೆಯ ರೀತಿಯನ್ನು, ಮುಡಿದ ಹೂವಿನ ರೀತಿಯನ್ನು ಮನೆತನದ ಹೆಂಗಸರೇ ಅನುಕರಿಸುತ್ತಿದ್ದರೆಂದು ಹೇಳುತ್ತಾರೆ. 1930ರ ದಶಕದ ಕೊನೆಯಲ್ಲಿ ಅವರ ಗಂಧರ್ವ ನಾಟಕ ಮಂಡಳಿಗೆ ಗೋಹರಬಾಯಿ ಬಂದು, ಬಾಲಗಂಧರ್ವರು ಆಡುತ್ತಿದ್ದ ಸ್ತ್ರೀಪಾತ್ರಗಳನ್ನು ತಾವು ಆಡಿದರು. ಮುಂದೆ ಅವರ ಬಾಳಸಂಗಾತಿಯೂ ಆದರು. ಆಗ ಅಭಿಮಾನಿಗಳಲ್ಲಿ ಅನೇಕರು ಅದನ್ನು ಸಹಿಸಲಿಲ್ಲ. ಸೀರೆಯುಟ್ಟ ಗಂಡಸನ್ನು ದಶಕಗಳ ಕಾಲ ಹೆಣ್ಣೆಂದೇ ನಂಬಿ ಮೆಚ್ಚಿದ ರಸಿಕರಿಗೆ, ನಿಜವಾದ ಹೆಣ್ಣು, ಅದರಲ್ಲಿಯೂ ಅನ್ಯಧರ್ಮದ ಹೆಣ್ಣು, ಅದೇ ಸ್ಥಾನದಲ್ಲಿ ನಿಂತಾಗ ಕಣ್ಣು ಕಿಸಿರಾಯಿತು.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಜೋಡಿಸಿ ನೋಡಬೇಕು. ಇದಕ್ಕೆ ಕೆಲವೇ ವರ್ಷ ಮೊದಲು, 1935ರಲ್ಲಿ, ಪ್ರಭಾತ ಸಂಸ್ಥೆಯು ವಿ. ಶಾಂತಾರಾಮರ ನಿರ್ದೇಶನದಲ್ಲಿ ‘ಧರ್ಮಾತ್ಮಾ’ ಎಂಬ ಚಿತ್ರವನ್ನು ಹೊರತಂದಿತ್ತು. ಅಸ್ಪೃಶ್ಯರೆನಿಸಿದವರನ್ನು ತನ್ನವರೆಂದು ಕಂಡ ಮಹಾರಾಷ್ಟ್ರದ ಸಂತ ಏಕನಾಥನ ಚರಿತ್ರೆ ಅದು. ಏಕನಾಥನ ಪಾತ್ರ ವಹಿಸಿದವರು ಬಾಲಗಂಧರ್ವರು. ಚಿತ್ರಕ್ಕೆ ಮೊದಲು ಇಟ್ಟ ಹೆಸರು ‘ಮಹಾತ್ಮಾ’. ಗಾಂಧೀಜಿಯವರ ನೆನಪು ತರುವುದೆಂದು ಆಂಗ್ಲ ಸರಕಾರದ ಪರಿಶೀಲಕರು ಆಕ್ಷೇಪಿಸಿದುದರಿಂದ ಹೆಸರನ್ನು ಬದಲಿಸಬೇಕಾಯಿತು. ಸಮಾಜಬೋಧೆಯ ಚಿತ್ರವೂ, ಅದರ ಮೇಲಿನ ವಾದವೂ ಇಂದು ನಿನ್ನೆಯವಲ್ಲ. ಏಕನಾಥನಾಗಿ ಕುಲದ ಗೋಡೆಯನ್ನು ದಾಟಿದ ನಟನನ್ನು ಕೊಂಡಾಡಿದ ಸಮಾಜ, ಅದೇ ನಟನು ತನ್ನ ಬಾಳಿನಲ್ಲಿ ಗೋಡೆಯನ್ನು ದಾಟಿದಾಗ ಮುಖ ತಿರುಗಿಸಿತು. ತೆರೆಯ ಮೇಲಿನ ಔದಾರ್ಯಕ್ಕೂ ಮನೆಯೊಳಗಿನ ಔದಾರ್ಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ದುರ್ಲಭ.

ಇನ್ನು ವಾದದ ಎರಡು ಪಕ್ಷಗಳನ್ನು ಒಂದೊಂದಾಗಿ ವಿಚಾರಿಸೋಣ. ಕಲೆಗೆ ಉಪದೇಶ ಹೊರೆಯೆಂಬ ಮಾತು ನಿರಾಧಾರವಾದುದಲ್ಲ. ಕಥೆ ನಡೆನಡೆದು ನಿಂತು, ನಾಯಕನು ಜನರ ಕಡೆಗೆ ತಿರುಗಿ ಐದು ನಿಮಿಷ ಭಾಷಣ ಮಾಡಿ, ಮತ್ತೆ ಕಥೆ ನಡೆಯತೊಡಗಿದರೆ, ನೋಡುವವರು ಆ ಐದು ನಿಮಿಷ ಹೊರಗೆ ಚಹಾ ಕುಡಿದು ಬರುತ್ತಾರೆ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನಲ್ಲಿ ಹೊಕ್ಕು ಸೇರಿ ನೆಯ್ದ ಬಣ್ಣ ಸೀರೆ ಹರಿಯುವತನಕ ಉಳಿಯುತ್ತದೆ. ಮೇಲೆ ಹಚ್ಚಿದ ತೇಪೆ ನಾಲ್ಕು ಒಗೆತಕ್ಕೆ ಕಿತ್ತು ಬರುತ್ತದೆ. ಸಮಾಜಬೋಧೆಯು ಕಥೆಯ ಹೊಕ್ಕಾಗಬೇಕು, ತೇಪೆಯಾಗಬಾರದು.

ಹಾಗೆ ನೆಯ್ದ ಚಿತ್ರಗಳು ಕನ್ನಡದಲ್ಲಿ ಉಂಟು. ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ದೊರೆಯಿತು. ಚೋಮನಿಗೆ ಬೇಕಾದುದು ಉಳುವುದಕ್ಕೆ ಒಂದಿಷ್ಟು ಹೊಲ. ಅವನ ಕುಲದವನು ಹೊಲದೊಡೆಯನಾಗಬಾರದೆಂಬುದು ಊರ ಕಟ್ಟಳೆ. ಅಸ್ಪೃಶ್ಯತೆ ಪಾಪವೆಂದು ಅಲ್ಲಿ ಯಾರೂ ಘೋಷಿಸುವುದಿಲ್ಲ. ಚೋಮನ ದುಡಿಯ ಸದ್ದೇ ಅದನ್ನು ಹೇಳುತ್ತದೆ. ಒಕ್ಕಲುತನ ಬಲ್ಲ ನಮ್ಮ ಕೃಷ್ಣಾ, ಘಟಪ್ರಭೆಗಳ ದಂಡೆಯ ಜನರಿಗೆ, ಹೊಲವಿಲ್ಲದವನ ಹೊಟ್ಟೆಯ ಸಂಕಟ ಎಂಥದೆಂದು ಬೇರೆ ಹೇಳಬೇಕೆ?

ಇನ್ನೊಂದು ಚಿತ್ರ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1969ರಲ್ಲಿ ನಿರ್ದೇಶಿಸಿದ ‘ಗೆಜ್ಜೆ ಪೂಜೆ’. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಹುಡುಗಿ ಗೃಹಿಣಿಯಾಗಿ ಬಾಳಬೇಕೆಂದು ಹಂಬಲಿಸುತ್ತಾಳೆ; ಸಮಾಜ ಬಿಡುವುದಿಲ್ಲ; ಕೊನೆಗೆ ಸಾಯುತ್ತಾಳೆ. ಕಲ್ಪನಾ ಅವರ ಆ ಅಭಿನಯವನ್ನು ನೋಡಿ ಅಳದವರಿಲ್ಲ. ದೇವದಾಸಿ ಪದ್ಧತಿ ಬೇರೂರಿದ್ದ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಹಳ್ಳಿಗಳಲ್ಲಿ ಅಂಥ ಹುಡುಗಿಯರು ಕಥೆಯಲ್ಲಿ ಮಾತ್ರ ಇರಲಿಲ್ಲ, ಬದಿಯ ಓಣಿಯಲ್ಲಿಯೇ ಇದ್ದರು. ರಾಜ್ಯ ಸರಕಾರ ಈ ಪದ್ಧತಿಯನ್ನು ನಿಷೇಧಿಸಿ ಶಾಸನ ಮಾಡಿದುದು 1982ರಲ್ಲಿ. ಅನಂತರವೂ ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸ್ಥಳಕ್ಕೆ ಬಂದಾಗ ಕೈ ನಡುಗಿ ನಿಂತಿದ್ದಾರೆ. ತೆರೆಯ ಮೇಲೆ ಸತ್ತವಳಿಗಾಗಿ ಕಣ್ಣೀರು ಸುರಿಸುವುದು ಸುಲಭ. ಓಣಿಯಲ್ಲಿ ಬದುಕಿರುವವಳನ್ನು ಮನೆಯೊಳಗೆ ಕರೆದು, ಮಣೆ ಹಾಕಿ ಕೂಡ್ರಿಸುವುದು ಕಷ್ಟ. ಚಿತ್ರ ತನ್ನ ಕೆಲಸವನ್ನು ಮಾಡಿತು. ಉಳಿದ ಕೆಲಸ ನೋಡಿದವರದಾಗಿತ್ತು.

ಎರಡನೆಯ ಪಕ್ಷದವರ ಮಾತು ಸ್ಥಾನದ್ದು. ತೆರೆಯ ಮೇಲೆ ಯಾರು, ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ? ಇದು ತಲೆಯೆಣಿಕೆಯ ಕ್ಷುಲ್ಲಕ ಪ್ರಶ್ನೆಯೆಂದು ತಳ್ಳಿಬಿಡುವವರು ಒಂದು ಕ್ಷಣ ನಮ್ಮ ಭಾಗದ ಅನುಭವವನ್ನು ನೆನೆಯಬೇಕು. ನಾವು ಮನೆಯಲ್ಲಿ ಆಡುವ ಮಾತನ್ನು, ತಾಯಿ ತೊಟ್ಟಿಲು ತೂಗುತ್ತ ಆಡಿದ ಮಾತನ್ನು, ಕನ್ನಡ ಚಿತ್ರಗಳು ಬಹುಕಾಲ ನಗೆಯ ಪಾತ್ರಕ್ಕೆ, ಮನೆಯಾಳಿನ ಪಾತ್ರಕ್ಕೆ, ಪಟ್ಟಣ ಕಂಡು ಬೆಪ್ಪಾದ ಹಳ್ಳಿಗನ ಪಾತ್ರಕ್ಕೆ ಮೀಸಲಿಟ್ಟವು. ನಾಯಕನು ಪ್ರೇಮದ ಮಾತಾಡಬೇಕಾದರೆ, ನ್ಯಾಯದ ಮಾತಾಡಬೇಕಾದರೆ ಬೇರೆ ಕನ್ನಡ. ನಮ್ಮ ನುಡಿ ಬಾಯಿತೆರೆದೊಡನೆ ಚಿತ್ರಮಂದಿರದಲ್ಲಿ ನಗೆ ಏಳಬೇಕೆಂಬುದು ಒಂದು ರೂಢಿಯೇ ಆಯಿತು. ಬೆಂಗಳೂರಿಗೆ ಓದಲು ಹೋದ ನಮ್ಮ ಹುಡುಗರು ಮೊದಲ ತಿಂಗಳಲ್ಲಿಯೇ ತಮ್ಮ ಮಾತನ್ನು ಅಡಗಿಸಿಕೊಳ್ಳಲು ಕಲಿಯುವುದಕ್ಕೆ ಈ ರೂಢಿಯ ಪಾಲಿಲ್ಲವೆನ್ನಲಾದೀತೆ?

ಆದುದರಿಂದಲೇ 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಾಗ, ಮತ್ತೆ 1997ರಲ್ಲಿ ಅವರದೇ ‘ನಾಗಮಂಡಲ’ ಗೋಪಾಲ ವಾಜಪೇಯಿಯವರ ಹಾಡುಗಳೊಂದಿಗೆ ಬಂದಾಗ, ನಮ್ಮವರಿಗೆ ಆದ ಹಿಗ್ಗು ಬರಿಯ ಕಲಾರಸಿಕರ ಹಿಗ್ಗಾಗಿರಲಿಲ್ಲ. ನಮ್ಮ ನುಡಿಯಲ್ಲಿಯೂ ಹೆಣ್ಣು ನೋಯಬಲ್ಲಳು, ಸಂತನು ಹಾಡಬಲ್ಲನು ಎಂಬುದನ್ನು ತೆರೆ ಒಪ್ಪಿಕೊಂಡಿತ್ತು. ಮುಸಲ್ಮಾನ ಶಿಷ್ಯನಿಗೂ ಬ್ರಾಹ್ಮಣ ಗುರು ಗೋವಿಂದಭಟ್ಟರಿಗೂ ಇದ್ದ ಬಾಂಧವ್ಯವನ್ನು ತೋರಿದ ಮೊದಲನೆಯ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ದೊರೆಯಿತು. ಅಲ್ಲಿಯೂ ಐಕ್ಯದ ಭಾಷಣವಿರಲಿಲ್ಲ. ಒಬ್ಬ ಗುರು, ಒಬ್ಬ ಶಿಷ್ಯ ಇದ್ದರು, ಅಷ್ಟೆ.

ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ನಮ್ಮ ನುಡಿಯನ್ನು ನಗೆಗೆ ಈಡುಮಾಡಿದಾಗ ನೊಂದ ನಾವು, ಇನ್ನೊಬ್ಬರ ಕುಲವನ್ನು, ಕಸುಬನ್ನು, ಕುಂಟುಗಾಲನ್ನು, ಕಪ್ಪು ಬಣ್ಣವನ್ನು ತೆರೆಯ ಮೇಲೆ ನಗೆಗೆ ಈಡುಮಾಡಿದಾಗ ಏನು ಮಾಡುತ್ತೇವೆ? ಹೆಣ್ಣುಡುಗೆಯುಟ್ಟ ಗಂಡುದೇಹದ ಜೀವವನ್ನು ಎಷ್ಟು ಚಿತ್ರಗಳಲ್ಲಿ, ಎಷ್ಟು ಹಾಸ್ಯ ಕಾರ್ಯಕ್ರಮಗಳಲ್ಲಿ ಗೇಲಿ ಮಾಡಿಲ್ಲ, ಮತ್ತು ನಾವು ಮನೆಮಂದಿಯೆಲ್ಲ ಕುಳಿತು ನಕ್ಕಿಲ್ಲ! ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಜೋಗತಿಯರ ಕಾಲಿಗೆ ಎರಗಿ ಬಂದವರೇ ಮನೆಗೆ ಬಂದು ಆ ಗೇಲಿಗೆ ನಗುವುದು ಎಂಥ ವಿಪರ್ಯಾಸ! ಬಿ. ಎಸ್. ಲಿಂಗದೇವರು ನಿರ್ದೇಶಿಸಿ, 2015ರಲ್ಲಿ ತೆರೆಕಂಡ ‘ನಾನು ಅವನಲ್ಲ ಅವಳು’ ಈ ಬಗೆಯ ಜೀವವೊಂದರ ಆತ್ಮಕಥೆಯನ್ನು ಆಧರಿಸಿದ ಚಿತ್ರ. ಸಂಚಾರಿ ವಿಜಯ್ ಅವರು ಆ ಪಾತ್ರಕ್ಕಾಗಿ ದೇಶದ ಶ್ರೇಷ್ಠ ನಟರೆನಿಸಿದರು. 2021ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡುದು ಕನ್ನಡದ ನಷ್ಟ. ಈ ಪಾತ್ರವನ್ನು ಆ ಸಮುದಾಯದವರೇ ಆಡಬೇಕಾಗಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಚೋಮನ ಕಥೆ ಬರೆದವರೂ ಚೋಮನ ಕೇರಿಯವರಲ್ಲ. ಪರಕಾಯ ಪ್ರವೇಶವೇ ಕಲೆಯ ಧರ್ಮ, ಅದನ್ನು ನಿರಾಕರಿಸಿದರೆ ಕಲೆಯೇ ಉಳಿಯುವುದಿಲ್ಲ. ಆದರೆ ಕೇಳುವವರ ಪ್ರಶ್ನೆಯೂ ನ್ಯಾಯವಾದುದೇ. ಪರಕಾಯ ಪ್ರವೇಶ ಎರಡೂ ಕಡೆಗೆ ನಡೆಯಬೇಕಲ್ಲವೆ? ರಾಜನ ಪಾತ್ರವನ್ನು ಕೇರಿಯವನಿಗೆ, ನಾಯಕಿಯ ಪಾತ್ರವನ್ನು ಜೋಗತಿಗೆ ಕೊಡುವ ಧೈರ್ಯ ಯಾರಿಗಿದೆ? ಜೋಗತಿ ನೃತ್ಯವನ್ನೇ ಬಾಳಾಗಿಸಿಕೊಂಡ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ನಾಡು ಕಂಡುದು ಇದನ್ನೇ. ಅವರ ಕುರಿತು ಇತರರು ಮರುಗಿ ಆಡಿದ ಮಾತಿಗಿಂತ, ಅವರೇ ಪೀಠದ ಮೇಲೆ ಕುಳಿತುದು ದೊಡ್ಡ ಪಾಠವಾಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದೇ ವಿವೇಕ ಕೆಲಸ ಮಾಡಿತು. ದಲಿತರನ್ನು, ಕಾಯಕಜೀವಿಗಳನ್ನು, ಸ್ತ್ರೀಯರನ್ನು ಕುರಿತು ಕನಿಕರದ ಗ್ರಂಥ ರಚಿಸಿ ಅಲ್ಲಿಯ ಶರಣರು ಸುಮ್ಮನಾಗಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆಯರ ಹೆಸರುಗಳು ಇಂದಿಗೂ ನಮ್ಮ ನಾಲಗೆಯ ಮೇಲೆ ಇರುವುದು ಅವರನ್ನು ಕುರಿತು ಮಾತಾಡಿದುದರಿಂದಲ್ಲ, ಅವರು ಮಾತಾಡಿದುದರಿಂದ. ತಮ್ಮ ಕಸುಬಿನ ಹೆಸರನ್ನು ಮರೆಮಾಚದೆ ಅವರು ನುಡಿದರು. ಕೇಳಬೇಕಾದವರು ಕುಳಿತು ಕೇಳಿದರು. ಒಳಗೊಳ್ಳುವುದೆಂದರೆ ಇದು. ಉಳಿದುದೆಲ್ಲ ಒಳ್ಳೆಯ ಮಾತು ಮಾತ್ರ.

ಹಾಗಾದರೆ ಇದನ್ನು ಶಾಸನದಿಂದ, ಕಟ್ಟಳೆಯಿಂದ ಮಾಡಿಸಬಹುದೇ? ಇಂಥ ಚಿತ್ರ ತೆಗೆಯಬೇಕು, ಇಂಥದನ್ನು ತೆಗೆಯಬಾರದು ಎಂದು ಗೆರೆ ಎಳೆಯಬಹುದೇ? ಅನುಭವ ಬೇರೆ ಪಾಠ ಕಲಿಸುತ್ತದೆ. 1970ರ ‘ಸಂಸ್ಕಾರ’ ಚಿತ್ರಕ್ಕೆ 대ಮದರಾಸಿನ ಪರಿಶೀಲನ ಮಂಡಳಿ ಮೊದಲು ಒಪ್ಪಿಗೆಯನ್ನೇ ಕೊಡಲಿಲ್ಲ. ಒಂದು ಸಮುದಾಯದ ಮನಸ್ಸು ನೋಯುವುದೆಂಬುದು ಅದರ ಆತಂಕ. ಕೊನೆಗೆ ಒಪ್ಪಿಗೆ ದೊರೆತು ತೆರೆಕಂಡ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುಚ್ಚ ಪ್ರಶಸ್ತಿ ಬಂದಿತು. ಯಾವ ಸಮುದಾಯವೂ ಅದರಿಂದ ಅಳಿದುಹೋಗಲಿಲ್ಲ. ಮನಸ್ಸು ನೋಯಬಾರದೆಂಬ ನೆಪ ಒಮ್ಮೊಮ್ಮೆ ಆತ್ಮಶೋಧನೆಯನ್ನೇ ತಡೆಯುವ ಅಗುಳಿಯಾಗುತ್ತದೆ.

ದೂರದರ್ಶನದ ಒಂದು ನಿದರ್ಶನವನ್ನೂ ನೋಡೋಣ. 2012ರಲ್ಲಿ ನಟ ಆಮೀರ್ ಖಾನರು ‘ಸತ್ಯಮೇವ ಜಯತೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಹೆಣ್ಣು ಭ್ರೂಣಹತ್ಯೆಯನ್ನು ಕುರಿತ ಅದರ ಮೊದಲ ಕಂತು ದೇಶದ ಹಲವು ಭಾಷೆಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಕಂಠ ಕೊಡುವ ಡಬ್ಬಿಂಗ್ ಪದ್ಧತಿಯನ್ನು ಕನ್ನಡ ಚಿತ್ರೋದ್ಯಮವು ಹಲವು ದಶಕಗಳಿಂದ ತಡೆದಿತ್ತು. ಅದಕ್ಕೆ ಅದರದೇ ಆದ ಕಾರಣವಿತ್ತು. ನಮ್ಮ ಮಾರುಕಟ್ಟೆ ಚಿಕ್ಕದು. ದೊಡ್ಡ ಬಂಡವಾಳದ ಪರಭಾಷಾ ಚಿತ್ರಗಳು ಕನ್ನಡದಲ್ಲಿಯೇ ನುಗ್ಗಿದರೆ ನಮ್ಮ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳುವುದೆಂಬ ಭಯ ಸುಳ್ಳಿನದಲ್ಲ. ಆದರೆ ಅದರ ಬೆಲೆ ತೆತ್ತವರು ಯಾರು? ಹಿಂದಿ ಬಲ್ಲವರು ಹಿಂದಿಯಲ್ಲಿಯೇ ನೋಡಿದರು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತ, ಕನ್ನಡವೊಂದನ್ನೇ ಬಲ್ಲ ತಾಯಿಗೆ ಆ ಮಾತು ತಲುಪಲಿಲ್ಲ. ಹೆಣ್ಣುಮಗುವನ್ನು ಗರ್ಭದಲ್ಲಿಯೇ ಕೊಲ್ಲಬಾರದೆಂಬ ಮಾತು ಬೇರೆ ಯಾರಿಗಿಂತಲೂ ಮೊದಲು ಅವಳ ಮನೆಯಲ್ಲಿ ಚರ್ಚೆಗೆ ಬರಬೇಕಾಗಿತ್ತು.

2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ತಡೆಯನ್ನು ನ್ಯಾಯಬಾಹಿರವೆಂದು ಹೇಳಿದ ಮೇಲೆ ಬಾಗಿಲು ಮೆಲ್ಲನೆ ತೆರೆಯಿತು. ಆ ಬಾಗಿಲಿನಿಂದಲೇ 2020ರಲ್ಲಿ ಡಾಕ್ಟರ್ ಅಂಬೇಡ್ಕರರ ಜೀವನದ ‘ಮಹಾನಾಯಕ’ ಧಾರಾವಾಹಿ ಹಿಂದಿಯಿಂದ ಕನ್ನಡಕ್ಕೆ ಬಂದಿತು. ಅದನ್ನು ಪ್ರಸಾರ ಮಾಡಿದ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಗಳು ಬಂದ ಸುದ್ದಿ ಹರಡಿದಾಗ, ನಾಡಿನ ಅನೇಕ ಹಳ್ಳಿಗಳಲ್ಲಿ ಜನರು ತಾವಾಗಿಯೇ ವಂತಿಗೆ ಕೂಡಿಸಿ ಆ ಧಾರಾವಾಹಿಯ ಪರವಾಗಿ ದೊಡ್ಡ ಫಲಕಗಳನ್ನು ನಿಲ್ಲಿಸಿದರು. ಒಂದು ಧಾರಾವಾಹಿಗಾಗಿ ಕೇರಿಯ ಜನ ಹೀಗೆ ಎದ್ದುನಿಂತುದೇಕೆ? ಶಾಲೆಯ ಕೊಠಡಿಯ ಹೊರಗೆ ಗೋಣಿಯ ಮೇಲೆ ಕುಳಿತ ಬಾಲಕನೇ ಕಥೆಯ ನಡುವಿನಲ್ಲಿದ್ದನು. ಅವನಿಗೆ ಯಾರೋ ದಯೆ ತೋರಿದ ಕಥೆ ಅದಾಗಿರಲಿಲ್ಲ. ಅವನು ಓದಿ, ಎದ್ದು, ದೇಶಕ್ಕೆ ಸಂವಿಧಾನ ಕೊಟ್ಟ ಕಥೆಯಾಗಿತ್ತು. ಬೋಧೆಗೂ ಸ್ಥಾನಕ್ಕೂ ಇರುವ ಅಂತರವನ್ನು ಆ ಫಲಕಗಳು ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ಹೇಳಿದವು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಬೋಧಿಸಲೇಬೇಕೆಂದು ಕಲೆಗೆ ಕಟ್ಟಳೆ ವಿಧಿಸುವುದು ಬೇಡ. ಬೋಧಿಸಬಾರದೆಂದು ಬಾಯಿ ಕಟ್ಟುವುದೂ ಬೇಡ. ಕಲಾವಿದನಿಂದ ನಾವು ಬೇಡಬಹುದಾದುದು ಪ್ರಾಮಾಣಿಕವಾದ ನೋಟವನ್ನು. ಊರನ್ನು ತೋರಿಸುವವನು ಊರೊಳಗಿನ ಎಲ್ಲ ಓಣಿಗಳನ್ನೂ ಕಂಡಿರಬೇಕು. ಹಾಗೆ ಕಂಡವನ ಕಥೆಯಲ್ಲಿ ಎಲ್ಲರೂ ತಾವಾಗಿಯೇ ಬಂದು ಸೇರುತ್ತಾರೆ. ಎಣಿಸಿ ತುಂಬಬೇಕಾದ ಅಗತ್ಯ ಬೀಳುವುದಿಲ್ಲ. ಕಲೆಯ ಯಜಮಾನಿಕೆ ಹೊಂದಿದವರಿಂದ ನಾವು ಬೇಡಬೇಕಾದುದು, ತೆರೆಯ ಹಿಂದಿನ ಪೀಠಗಳಲ್ಲಿ ಕುಳ್ಳಿರಲು ಎಲ್ಲರಿಗೂ ಅವಕಾಶವನ್ನು. ಇವೆರಡನ್ನೂ ಬೇಡುವ ಮೊದಲು ನಮ್ಮಿಂದ ನಾವೇ ಬೇಡಿಕೊಳ್ಳಬೇಕಾದುದು ಇನ್ನೊಂದಿದೆ.

ಟೂರಿಂಗ್ ಟಾಕೀಸಿನ ಡೇರೆಗಳು ನಮ್ಮ ಊರುಗಳಿಗೆ ಬಂದ ಕಾಲದಲ್ಲಿ ಒಂದು ಮೌನವಾದ ಕ್ರಾಂತಿಯೇ ನಡೆಯಿತು. ಗುಡಿಯಲ್ಲಿ, ಬಾವಿಯಲ್ಲಿ, ಚಹಾದಂಗಡಿಯಲ್ಲಿ ಬೇರೆ ಬೇರೆ ನಿಂತ ಜನ, ಅಲ್ಲಿ ಚೀಟಿಯ ಬೆಲೆ ಕೊಟ್ಟು ಒಂದೇ ಉಸುಕಿನ ಮೇಲೆ ಒತ್ತಿಕೊಂಡು ಕುಳಿತರು. ಕತ್ತಲೆಯಲ್ಲಿ ಪಕ್ಕದವನ ಕುಲವನ್ನು ಯಾರೂ ಕೇಳಲಿಲ್ಲ. ಒಂದೇ ಹಾಡಿಗೆ ತಲೆದೂಗಿದರು, ಒಂದೇ ದುಃಖಕ್ಕೆ ಕಣ್ಣೊರಸಿಕೊಂಡರು. ದೀಪ ಹತ್ತಿದ ಮೇಲೆ ಮಾತ್ರ ಎಲ್ಲರೂ ತಮ್ಮ ತಮ್ಮ ಓಣಿಗೆ ಮರಳಿದರು. ಮರುದಿನ ನೀರಿಗೆ ಹೋದಾಗ ಬಾವಿಗಳು ಬೇರೆಯಾಗಿಯೇ ಇದ್ದವು.

ಇದು ಹಳೆಯ ಕಾಲದ ಮಾತೆಂದು ಸಮಾಧಾನ ತಾಳುವಂತಿಲ್ಲ. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಚಿತ್ರ ತೆರೆಕಂಡಿತು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ, ರಾಜಕುಮಾರರು ಬಿಜ್ಜಳನಾಗಿ ಅಭಿನಯಿಸಿದರು. ರಂಗದ ಮೇಲೆ ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರದಲ್ಲಿ ಬಂದು ನಿಂತರೆ ಸಭೆಯಲ್ಲಿ ಕೈಮುಗಿಯುವವರಿದ್ದರು. ಬಸವಣ್ಣನವರ ಚರಿತ್ರೆಯನ್ನು ಹೇಳುವವರು ಹರಳಯ್ಯ, ಮಧುವರಸರ ಮಕ್ಕಳ ಮದುವೆಯನ್ನು ಬಿಟ್ಟು ಮುಂದೆ ಸಾಗುವುದು ಕಷ್ಟ. ಆ ಮದುವೆಯ ಪ್ರಸಂಗ ಬಂದಾಗ ನಾವು ರೋಮಾಂಚನಗೊಳ್ಳುತ್ತೇವೆ. ಅದನ್ನು ತಡೆದವರನ್ನು ಮನಸಾರೆ ಶಪಿಸುತ್ತೇವೆ. ಅದೇ ಪ್ರಸಂಗ ನಮ್ಮ ಮಗನ ರೂಪದಲ್ಲಿ, ಮಗಳ ರೂಪದಲ್ಲಿ ನಮ್ಮ ಪಡಸಾಲೆಗೆ ಬಂದು ನಿಂತಾಗ ನಮ್ಮ ಮಾತೇನು? ಆಗ ನಾವು ಕಲ್ಯಾಣದ ಯಾವ ಪಕ್ಷದವರಾಗಿರುತ್ತೇವೆ?

ನುಡಿಯೂ ನಡೆಯೂ ಒಂದಾಗಿರಬೇಕೆಂಬುದನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಈ ತತ್ತ್ವವನ್ನು ನಾವು ಹೇಳುವ ಮಾತಿಗೆ ಅನ್ವಯಿಸಿಕೊಂಡಷ್ಟು, ನಾವು ಮೆಚ್ಚಿ ನೋಡುವ ನೋಟಕ್ಕೆ ಅನ್ವಯಿಸಿಕೊಂಡಿಲ್ಲ. ಮೆಚ್ಚುವುದೂ ಒಂದು ನುಡಿಯೇ; ಚಪ್ಪಾಳೆಯೂ ಒಂದು ವಾಗ್ದಾನವೇ. ತೆರೆಯ ಮೇಲಿನ ಚೋಮನಿಗಾಗಿ ಮರುಗಿದವನು ತನ್ನ ಹೊಲದ ಆಳಿನ ಕೂಲಿಯನ್ನು ಸರಿಯಾಗಿ ಎಣಿಸಿ ಕೊಟ್ಟರೆ, ಗೆಜ್ಜೆ ಕಟ್ಟಿದವಳಿಗಾಗಿ ಅತ್ತವಳು ಬದಿಯ ಓಣಿಯ ಕೂಸನ್ನು ತನ್ನ ಕೂಸಿನ ಪಕ್ಕದಲ್ಲಿ ಉಣ್ಣಲು ಕೂಡ್ರಿಸಿದರೆ, ಬೀಳಗಿಯ ಆ ಅಕ್ಕತಂಗಿಯರ ಹೆಸರನ್ನು ನಮ್ಮ ಶಾಲೆಗಳ ಗುರುಗಳು ಮಕ್ಕಳಿಗೆ ಅಭಿಮಾನದಿಂದ ಹೇಳಿದರೆ, ಚಿತ್ರಗಳು ಬೋಧಿಸಬೇಕೋ ಬೇಡವೋ ಎಂಬ ವಾದ ಅರ್ಧಕ್ಕರ್ಧ ತಾನಾಗಿಯೇ ತೀರುತ್ತದೆ. ಉಳಿದರ್ಧವನ್ನು ಪಂಡಿತರು ನಿಧಾನವಾಗಿ ಚರ್ಚಿಸಲಿ.